ಹೋಟೆಲು ನೌಕರರು, ಮಾಲಿಕರು ಮತ್ತು ಕಾಯಿದೆ: ಉಭಯರ ಹಕ್ಕು-ಬಾಧ್ಯತೆಗಳು

ಹೋಟೆಲು, ಅಂಗಡಿ, ಕಚೇರಿಗಳಲ್ಲಿ ದುಡಿಯುವ ನಮ್ಮ ನಾಡಬಂಧುಗಳು ಪತ್ರಿಕಾ ಕಾರ್ಯಾಲಯಕ್ಕೆ ಹೊತ್ತು ತರುವ ಪ್ರಶ್ನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ನಮ್ಮ ಮೇಜಿನ ಮೇಲೆ ಬಂದು ಕೂಡುತ್ತದೆ. “ಇಷ್ಟು ವರ್ಷ ಒಂದೇ ಹೋಟೆಲಿನಲ್ಲಿ ದುಡಿದೆ. ಧಣಿಗಳು ಈಗ ಅದನ್ನು ಇನ್ನೊಬ್ಬರಿಗೆ ವಹಿಸಿಕೊಟ್ಟಿದ್ದಾರೆ. ನನಗೆ ಸಲ್ಲತಕ್ಕದ್ದು ಏನಾದರೂ ಉಂಟೇ?” ಎಂಬುದೇ ಆ ಪ್ರಶ್ನೆ. ಮಾಲಿಕರ ಕಡೆಯಿಂದ ಬರುವ ದೂರೂ ಇಲ್ಲದಿಲ್ಲ. “ಮಗನಂತೆ ನೋಡಿಕೊಂಡ ಮಾಣಿ ಒಂದು ದಿನ ಹೇಳದೆ ಕೇಳದೆ ಹೊರಟುಹೋದ, ತಿಂಗಳು ಕಳೆಯುವುದರೊಳಗೆ ವಕೀಲರ ನೋಟೀಸು ಬಂತು” ಎಂದು ಅವರು ಹೇಳುತ್ತಾರೆ. ಎರಡೂ ಸಂದರ್ಭಗಳಲ್ಲಿ ನಾವು ಕೇಳುವ ಮೊದಲ ಮಾತು ಒಂದೇ: “ಕಾಗದ ಏನಿದೆ?” ಬಹುಮಟ್ಟಿಗೆ ದೊರೆಯುವ ಉತ್ತರವೂ ಒಂದೇ: “ಕಾಗದವೆಲ್ಲಿಯದು, ಎಲ್ಲವೂ ಬಾಯಿಮಾತು.”

ಈ ಬಾಯಿಮಾತಿನ ಪದ್ಧತಿಯನ್ನು ನಾವು ಹಗುರವಾಗಿ ಕಾಣುವವರಲ್ಲ. ಕುಂದಾಪುರ, ಉಡುಪಿ, ಕಾರ್ಕಳ, ಪುತ್ತೂರುಗಳಿಂದ ಹೊರಟು ಬಂದ ನಮ್ಮ ಜನ ಮುಂಬಯಿ, ಪುಣೆ, ಮದರಾಸುಗಳಲ್ಲಿ ಹೋಟೆಲು ಉದ್ಯಮವನ್ನು ಕಟ್ಟಿದ್ದು ಇದೇ ನಂಬಿಕೆಯ ಮೇಲೆ. ಊರಿನ ನೆಂಟನ ಕೈಹಿಡಿದು ಬಂದ ಹುಡುಗನಿಗೆ ಅಂದೇ ಊಟ, ಮಲಗಲು ಮಾಳಿಗೆಯ ಮೂಲೆ, ತಿಂಗಳು ತುಂಬಿದಾಗ ಸಂಬಳ. ಓದುವ ಆಸೆಯಿದ್ದವನಿಗೆ ರಾತ್ರಿಶಾಲೆ. ಸಂಬಳವನ್ನು ಧಣಿಯ ಬಳಿಯೇ ಇರಗೊಟ್ಟು, ತಂಗಿಯ ಮದುವೆಗೋ ಮನೆಯ ಹೆಂಚಿಗೋ ಒಟ್ಟಿಗೆ ಪಡೆದು ಊರಿಗೆ ಹೋದವರು ಎಷ್ಟೋ ಮಂದಿ. ಗಲ್ಲಾದ ಹಿಂದೆ ಕುಳಿತು ವರ್ಷಗಳನ್ನು ಕಳೆದ ನಮಗೆ ಈ ವ್ಯವಸ್ಥೆಯ ಗುಣವೂ ಗೊತ್ತು, ಅದರ ದೌರ್ಬಲ್ಯವೂ ಗೊತ್ತು. ಧಣಿ ಬದುಕಿರುವವರೆಗೆ, ವ್ಯಾಪಾರ ಚೆನ್ನಾಗಿರುವವರೆಗೆ, ಇಬ್ಬರ ನಡುವೆ ಮುನಿಸು ಬಾರದಿರುವವರೆಗೆ ಅದು ನಡೆಯುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಇಪ್ಪತ್ತು ವರ್ಷಗಳ ದುಡಿಮೆಗೆ ಸಾಕ್ಷಿ ಹೇಳುವವರು ಯಾರೂ ಉಳಿಯುವುದಿಲ್ಲ. ಆದುದರಿಂದ ಕಾಯಿದೆ ಈ ಕುರಿತು ಏನನ್ನುತ್ತದೆ ಎಂಬುದನ್ನು ನೌಕರ-ಮಾಲಿಕರಿಬ್ಬರಿಗೂ ತಿಳಿಯುವಂತೆ ಇಲ್ಲಿ ಸಂಗ್ರಹಿಸಿ ಹೇಳುವುದು ನಮ್ಮ ಉದ್ದೇಶ.

ಕಾಯಿದೆ ಬೆಳೆದು ಬಂದ ಬಗೆ

ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡಬೇಕೆಂಬ ಕಾಯಿದೆ ನಮ್ಮ ದೇಶದಲ್ಲಿ 1936ರಲ್ಲಿ ಹುಟ್ಟಿತು. ಅಂಗಡಿ-ಹೋಟೆಲುಗಳ ನೌಕರರಿಗಾಗಿ ಪ್ರತ್ಯೇಕ ಕಾಯಿದೆಯನ್ನು ಮೊದಲು ಮಾಡಿದ ಕೀರ್ತಿ ಮುಂಬಯಿ ಪ್ರಾಂತಕ್ಕೆ ಸಲ್ಲುತ್ತದೆ, ಅದು 1939ರಲ್ಲಿ. ಸ್ವಾತಂತ್ರ್ಯಾನಂತರ 1948ರಲ್ಲಿ ಕನಿಷ್ಠ ವೇತನದ ಕಾಯಿದೆ, ಅದೇ ವರ್ಷ ನೌಕರರ ರಾಜ್ಯ ವಿಮಾ ಕಾಯಿದೆ, 1952ರಲ್ಲಿ ಪ್ರಾವಿಡೆಂಟ್ ಫಂಡ್, 1965ರಲ್ಲಿ ಬೋನಸ್, 1972ರಲ್ಲಿ ಗ್ರಾಚ್ಯುಟಿ ಹೀಗೆ ಒಂದೊಂದಾಗಿ ಬಂದವು. ಮದರಾಸು ರಾಜ್ಯವಂತೂ 1958ರಲ್ಲಿ ಊಟ-ಉಪಾಹಾರ ಗೃಹಗಳಿಗೆಂದೇ ಬೇರೊಂದು ಕಾಯಿದೆ ಮಾಡಿತು.

ಹೀಗೆ ಚೆದುರಿದ್ದ 29 ಕೇಂದ್ರ ಕಾಯಿದೆಗಳನ್ನು ನಾಲ್ಕು ಸಂಹಿತೆಗಳಾಗಿ ಒಟ್ಟುಗೂಡಿಸಲಾಯಿತು. 2019ರ ವೇತನ ಸಂಹಿತೆ, 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ ಹಾಗೂ ಔದ್ಯೋಗಿಕ ಸುರಕ್ಷತೆ-ಆರೋಗ್ಯದ ಸಂಹಿತೆ ಎಂಬ ಇವು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಮುಂಬಯಿಯಾಗಲಿ, ಚೆನ್ನೈಯಾಗಲಿ, ಹೈದರಾಬಾದಾಗಲಿ, ದಿಲ್ಲಿಯಾಗಲಿ ಇವು ಎಲ್ಲೆಡೆಗೂ ಸಲ್ಲುತ್ತವೆ. ಇವಲ್ಲದೆ ಆಯಾ ರಾಜ್ಯದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಬೇರೆ ಇದೆ. ಆದುದರಿಂದ ಕೆಲಸದ ವೇಳೆ, ರಜೆ ಮುಂತಾದ ವಿಷಯಗಳಲ್ಲಿ ಊರಿನಿಂದೂರಿಗೆ ವ್ಯತ್ಯಾಸವುಂಟೆಂಬುದನ್ನು ಓದುಗರು ಗಮನದಲ್ಲಿಡಬೇಕು.

ನೇಮಕದ ಪತ್ರ

ಮೊದಲನೆಯದಾಗಿ ನೇಮಕದ ಪತ್ರ. 10 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಪ್ರತಿಯೊಬ್ಬ ನೌಕರನಿಗೂ ಲಿಖಿತ ನೇಮಕ ಪತ್ರ ಕೊಡತಕ್ಕದ್ದೆಂದು ಹೊಸ ಸಂಹಿತೆ ವಿಧಿಸಿದೆ. ಅಡುಗೆ ಭಟ್ಟರಿಂದ ಹಿಡಿದು ಪಾತ್ರೆ ತೊಳೆಯುವವನವರೆಗೆ ಯಾರೂ ಇದಕ್ಕೆ ಹೊರತಲ್ಲ. ಕೆಲಸಕ್ಕೆ ಸೇರಿದ ದಿನಾಂಕ, ಹುದ್ದೆ, ಸಂಬಳದ ವಿವರ ಇವು ಅದರಲ್ಲಿ ಇರಬೇಕು. ಸೇರಿದ ದಿನಾಂಕವೇ ಮುಂದಿನ ಎಲ್ಲ ಲೆಕ್ಕಕ್ಕೂ ತಳಹದಿಯೆಂಬುದನ್ನು ಮರೆಯಬಾರದು. ಹತ್ತು ಮಂದಿಗಿಂತ ಕಡಿಮೆಯಿರುವ ಸಣ್ಣ ಹೋಟೆಲಿನವರು ಕೂಡ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು, ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳುವುದಕ್ಕೆ ಖರ್ಚೇನೂ ಇಲ್ಲ.

ಇದು ನೌಕರನ ಉಪಕಾರಕ್ಕೆ ಮಾತ್ರವೆಂದು ಮಾಲಿಕರು ಭಾವಿಸಬಾರದು. ಸಂಬಳ ಅಥವಾ ಬೋನಸು ಬರಲಿಲ್ಲವೆಂದು, ಕಡಿಮೆ ಬಂತೆಂದು, ಅಕ್ರಮವಾಗಿ ಮುರಿದುಕೊಂಡರೆಂದು ನೌಕರನು ದೂರಿತ್ತಲ್ಲಿ, ಕೊಟ್ಟಿದ್ದೇವೆಂದು ಸಿದ್ಧಪಡಿಸುವ ಹೊಣೆಯನ್ನು ವೇತನ ಸಂಹಿತೆ ಮಾಲಿಕನ ಹೆಗಲಿಗೇ ಹೊರಿಸಿದೆ. ಪ್ರಾಮಾಣಿಕವಾಗಿ ಕೈತುಂಬ ಹಣ ಕೊಟ್ಟ ಧಣಿಯೂ ರಶೀದಿಯಿಲ್ಲದಿದ್ದರೆ ಅಧಿಕಾರಿಯೆದುರು ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಇಂಥ ದೂರನ್ನು ಕೊಡಲು ನೌಕರನಿಗೆ ಮೂರು ವರ್ಷಗಳ ಅವಧಿಯಿದೆ. ದೂರು ನಿಜವೆಂದು ಕಂಡುಬಂದರೆ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸಲು ಅಧಿಕಾರವುಂಟು. ವೇತನ ಚೀಟಿ ಕೊಡುವುದು, ಹಾಜರಿ-ಸಂಬಳಗಳ ಪುಸ್ತಕ ಇಡುವುದು, ಸಾಧ್ಯವಾದಷ್ಟು ಬ್ಯಾಂಕಿನ ಮೂಲಕ ಸಂಬಳ ಸಲ್ಲಿಸುವುದು ಇವೆಲ್ಲ ಮಾಲಿಕನ ರಕ್ಷಾಕವಚಗಳು.

ಸಂಬಳ: ಯಾವಾಗ, ಎಷ್ಟು, ಏನು ಕಡಿತ

ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೊಟ್ಟು ಮುಗಿಸಬೇಕು. ನೌಕರನನ್ನು ತೆಗೆದುಹಾಕಿದರೂ, ಅವನೇ ರಾಜೀನಾಮೆ ಕೊಟ್ಟರೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಚುಕ್ತಾ ಆಗಬೇಕು. “ಬದಲಿ ಆಳು ಸಿಕ್ಕ ಮೇಲೆ ಬಾ, ಕೊಡುತ್ತೇನೆ” ಎಂಬ ನಮ್ಮ ಉದ್ಯಮದ ಹಳೆಯ ಮಾತಿಗೆ ಕಾಯಿದೆಯಲ್ಲಿ ಎಡೆಯಿಲ್ಲ. ಸರಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ನೌಕರ ಒಪ್ಪಿ ಸಹಿ ಹಾಕಿದ್ದರೂ ಆ ಒಪ್ಪಿಗೆಗೆ ಬೆಲೆಯಿಲ್ಲ.

ಲೋಟ ಒಡೆದುದಕ್ಕೆ, ಬಿಲ್ಲು ತಪ್ಪಿದುದಕ್ಕೆ, ತಡವಾಗಿ ಬಂದುದಕ್ಕೆ ಸಂಬಳ ಮುರಿಯುವ ರೂಢಿ ಅನೇಕ ಕಡೆ ಇದೆ. ಇದಕ್ಕೂ ಮಿತಿಯುಂಟು. ಸರಕಾರದ ಸಮ್ಮತಿ ಪಡೆದು, ನೌಕರರಿಗೆ ಕಾಣುವಂತೆ ನೋಟೀಸು ಹಾಕಿದ ತಪ್ಪುಗಳಿಗಷ್ಟೇ ದಂಡ ವಿಧಿಸಬಹುದು. ಅದೂ ನೌಕರನ ಸಮಜಾಯಿಷಿ ಕೇಳಿದ ಮೇಲೆ. ದಂಡದ ಮೊತ್ತ ಆ ಅವಧಿಯ ಸಂಬಳದ ಶೇಕಡಾ 3ನ್ನು ಮೀರಕೂಡದು. ತಿಂಗಳಿಗೆ 15,000 ರೂಪಾಯಿ ಪಡೆಯುವವನಿಗೆ 450 ರೂಪಾಯಿಗಿಂತ ಹೆಚ್ಚು ದಂಡ ಹಾಕುವಂತಿಲ್ಲವೆಂದಾಯಿತು. ನಷ್ಟದ ಹಣ ಮುರಿಯಬೇಕಾದರೆ ಆ ನಷ್ಟ ಅವನ ಅಜಾಗ್ರತೆಯಿಂದಲೇ ಆಯಿತೆಂಬುದು ಕಂಡುಬರಬೇಕು. ಮುಂಗಡ ಹಣವನ್ನು ಸಂಬಳದಲ್ಲಿ ಮುರಿದುಕೊಳ್ಳುವುದು ನ್ಯಾಯವೇ. ಆದರೆ ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ದಾಟಬಾರದು. ಮುಂಗಡ ಕೊಟ್ಟಿದ್ದೇವೆಂಬ ನೆಪದಿಂದ ನೌಕರನನ್ನು ಬಿಡದೆ ಹಿಡಿದಿಟ್ಟು ದುಡಿಸುವುದಾದರೆ, ಅದು 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯ ಕೆಳಗೆ ಅಪರಾಧವಾಗುತ್ತದೆ.

ಊಟದ ವಿಷಯವೂ ಹೇಳಬೇಕು. ಸಂಬಳದ ಬದಲು ವಸ್ತುರೂಪದಲ್ಲಿ ಕೊಟ್ಟದ್ದರ ಬೆಲೆಯನ್ನು ಒಟ್ಟು ಸಂಬಳದ ಶೇಕಡಾ 15ರವರೆಗೆ ಮಾತ್ರ ವೇತನವೆಂದು ಎಣಿಸಬಹುದೆಂದು ಸಂಹಿತೆ ಹೇಳುತ್ತದೆ. ಊಟ ಹಾಕುತ್ತೇವೆಂಬ ಕಾರಣದಿಂದ ಸಂಬಳವನ್ನು ಅರ್ಧಕ್ಕೆ ಇಳಿಸುವ ಹಂಚಿಕೆ ನಡೆಯದು.

ಗಿರಾಕಿ ತಟ್ಟೆಯಲ್ಲಿ ಬಿಟ್ಟುಹೋಗುವ ಟಿಪ್ಸ್ ಬಗ್ಗೆಯೂ ಆಗಾಗ ತಕರಾರು ಹುಟ್ಟುತ್ತದೆ. ಜಯಪುರದ ರಾಮಬಾಗ್ ಪ್ಯಾಲೇಸ್ ಹೋಟೆಲಿನ ಪ್ರಕರಣದಲ್ಲಿ 1976ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ಈ ವಿಷಯವನ್ನು ಪರಿಶೀಲಿಸಿತು. ಅದು ಗಿರಾಕಿ ಕೊಡುವ ಹಣ, ಮಾಲಿಕ ಕೊಡುವುದಲ್ಲ. ಆದುದರಿಂದ ಅದನ್ನು ತೋರಿಸಿ ಸಂಬಳದ ಹೊಣೆಯನ್ನು ತಗ್ಗಿಸಿಕೊಳ್ಳಲಾಗದು ಎಂಬುದೇ ಅಲ್ಲಿ ಮೂಡಿದ ನಿಲುವು. “ಟಿಪ್ಸ್ ಚೆನ್ನಾಗಿ ಬರುತ್ತದೆ, ಸಂಬಳ ಯಾಕೆ?” ಎನ್ನುವವರು ಇದನ್ನು ಅರಿತಿರಬೇಕು.

ಕೆಲಸದ ವೇಳೆ ಮತ್ತು ರಜೆ

ಮುಂಜಾನೆ ಐದಕ್ಕೆ ಒಲೆ ಹಚ್ಚಿ ರಾತ್ರಿ ಹನ್ನೊಂದಕ್ಕೆ ಬಾಗಿಲು ಮುಚ್ಚುವ ವೃತ್ತಿ ನಮ್ಮದು. ಹೋಟೆಲು ಅಷ್ಟು ಹೊತ್ತು ತೆರೆದಿರಬಹುದು. ಒಬ್ಬನೇ ಮನುಷ್ಯ ಅಷ್ಟು ಹೊತ್ತು ದುಡಿಯುವಂತಿಲ್ಲ. ಮಹಾರಾಷ್ಟ್ರದಲ್ಲಿ 1948ರ ಕಾಯಿದೆಯ ಬದಲು 2017ರ ಕಾಯಿದೆ ಬಂತು. ಅದು ಮೊದಲು 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸಿ, ದಿನಕ್ಕೆ 9 ಗಂಟೆಯ ಮಿತಿಯಿಟ್ಟಿತ್ತು. 2025ರಲ್ಲಿ ಈ ಸಂಖ್ಯೆಯನ್ನು 20ಕ್ಕೂ, ದಿನದ ಮಿತಿಯನ್ನು 10 ಗಂಟೆಗೂ ಏರಿಸಲಾಯಿತು. ಆದರೂ ವಾರಕ್ಕೆ 48 ಗಂಟೆಯೆಂಬ ಎಲ್ಲೆ ಬದಲಾಗಿಲ್ಲ. ಮಿತಿ ಮೀರಿ ದುಡಿಸಿದ ಹೊತ್ತಿಗೆ ಇಮ್ಮಡಿ ದರದಲ್ಲಿ ಸಂಬಳ ಸಲ್ಲಬೇಕು. ವಾರಕ್ಕೊಂದು ರಜೆ ಕಡ್ಡಾಯ.

ಇದೇ ಕಾಯಿದೆಯ ಮೇರೆಗೆ ವರ್ಷಕ್ಕೆ ಸಂಬಳ ಸಹಿತವಾದ 8 ಸಾಂದರ್ಭಿಕ ರಜೆಗಳೂ, 8 ಹಬ್ಬದ ರಜೆಗಳೂ ಉಂಟು. ಹಬ್ಬದ ರಜೆಗಳಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಇವು ನಿಶ್ಚಿತ. ಉಳಿದ ನಾಲ್ಕನ್ನು ಇಬ್ಬರೂ ಒಪ್ಪಿ ಗೊತ್ತುಮಾಡಬೇಕು. ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಗಳ ದುಡಿಮೆಗೆ ಒಂದು ದಿನದಂತೆ ಗಳಿಕೆ ರಜೆ ಸೇರುತ್ತದೆ. ಅದನ್ನು 45 ದಿನಗಳವರೆಗೆ ಕೂಡಿಡಬಹುದು. ಊರಿನ ಜಾತ್ರೆಗೋ ಕೋಲಕ್ಕೋ ಹೋಗಿಬರುವ ನೌಕರರು ಹದಿನೈದು ದಿನಗಳ ಸಂಬಳ ಕಳೆದುಕೊಂಡೆವೆಂದು ನಮ್ಮೊಡನೆ ಹೇಳಿಕೊಳ್ಳುವುದುಂಟು. ಗಳಿಕೆ ರಜೆಯ ಲೆಕ್ಕವನ್ನು ಇಟ್ಟುಕೊಂಡವರಿಗೆ ಆ ನಷ್ಟ ಬರಬೇಕಾದುದಿಲ್ಲ.

ಗ್ರಾಚ್ಯುಟಿ: ಮರೆತುಹೋದ ಹಕ್ಕು

ನಾವು ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಈಗ ಬರೋಣ. ಹತ್ತು ಅಥವಾ ಹೆಚ್ಚು ನೌಕರರಿರುವ ಯಾವುದೇ ಅಂಗಡಿ, ಹೋಟೆಲು, ಕಚೇರಿಯಲ್ಲಿ ಐದು ವರ್ಷ ಎಡೆಬಿಡದೆ ದುಡಿದವನು ಕೆಲಸ ಬಿಟ್ಟಾಗ, ನಿವೃತ್ತನಾದಾಗ, ಗ್ರಾಚ್ಯುಟಿಗೆ ಅರ್ಹನಾಗುತ್ತಾನೆ. ತಾನಾಗಿಯೇ ರಾಜೀನಾಮೆ ಕೊಟ್ಟವನಿಗೂ ಇದು ಸಲ್ಲುತ್ತದೆ. ಮರಣ ಅಥವಾ ಅಂಗವೈಕಲ್ಯ ಸಂಭವಿಸಿದರೆ ಐದು ವರ್ಷಗಳ ನಿಯಮವೂ ಇಲ್ಲ. ಗೊತ್ತುಪಡಿಸಿದ ಅವಧಿಗೆ ನೇಮಕಗೊಂಡವನಿಗೆ ಒಂದು ವರ್ಷ ದುಡಿದರೂ ಅದರ ಪ್ರಮಾಣದಲ್ಲಿ ಸಲ್ಲಬೇಕೆಂದು ಹೊಸ ಸಂಹಿತೆ ಹೇಳಿದೆ.

ಲೆಕ್ಕ ಸರಳವಾಗಿದೆ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ಆರು ತಿಂಗಳು ಮೀರಿದ ತುಂಡು ಅವಧಿಯನ್ನು ಇಡೀ ವರ್ಷವೆಂದೇ ಹಿಡಿಯಬೇಕು. 12 ವರ್ಷ 7 ತಿಂಗಳು ದುಡಿದವನ ಕೊನೆಯ ವೇತನ 15,000 ರೂಪಾಯಿಯಿದ್ದರೆ, 13 ವರ್ಷಕ್ಕೆ 1,12,500 ರೂಪಾಯಿ ಅವನಿಗೆ ಸಲ್ಲತಕ್ಕದ್ದು. ಊರಿನಲ್ಲಿ ಒಂದು ಸಣ್ಣ ಅಂಗಡಿ ಹಾಕುವುದಕ್ಕೆ ಆಧಾರವಾಗಬಲ್ಲ ಈ ಹಣವನ್ನು ಕೇಳಬೇಕೆಂದೂ ತಿಳಿಯದೆ ರೈಲು ಹತ್ತಿದವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಮಂದಿ.

ವೇತನವೆಂದರೆ ಯಾವುದೆಂಬುದರ ಮೇಲೆ ಮೊತ್ತ ನಿಂತಿದೆ. ಹಿಂದೆ ಕೆಲವರು ಮೂಲವೇತನವನ್ನು ಕಿರಿದಾಗಿಸಿ, ಮಿಕ್ಕದ್ದನ್ನು ನಾನಾ ಭತ್ಯೆಗಳೆಂದು ಬರೆಯುತ್ತಿದ್ದರು. ಹೊರತುಪಡಿಸಿದ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೆ ಸೇರಿಸಬೇಕೆಂದು ಈಗ ನಿಯಮವಾಗಿದೆ. 15,000ದಲ್ಲಿ ಮೂಲವೇತನ 6,000, ಭತ್ಯೆ 9,000 ಎಂದು ಬರೆದಿದ್ದರೆ, ಭತ್ಯೆಯಲ್ಲಿ 7,500ನ್ನು ಮೀರಿದ 1,500 ಮೂಲಕ್ಕೆ ಸೇರಿ, ವೇತನ 7,500 ಆಗುತ್ತದೆ. ಆಗ 13 ವರ್ಷಕ್ಕೆ 56,250 ರೂಪಾಯಿ ಬರುತ್ತದೆ. ಸಂಬಳ ಚೀಟಿಯನ್ನು ಓದದೆ ಮಡಿಸಿ ಜೇಬಿಗೆ ಹಾಕುವ ಗುಮಾಸ್ತ ಬಂಧುಗಳು ಈ ವ್ಯತ್ಯಾಸವನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.

ಗ್ರಾಚ್ಯುಟಿ ಸಲ್ಲತಕ್ಕ ದಿನದಿಂದ 30 ದಿನಗಳೊಳಗೆ ಅದನ್ನು ಕೊಡಬೇಕು. ತಡವಾದರೆ ಬಡ್ಡಿ ಸೇರುತ್ತದೆ. ಹಿಂಸಾಚಾರ, ನೈತಿಕ ಅಧಃಪತನದ ಅಪರಾಧ, ಮಾಲಿಕನ ಸ್ವತ್ತಿಗೆ ಬುದ್ಧಿಪೂರ್ವಕ ಹಾನಿ ಇವುಗಳಿಗಾಗಿ ಕೆಲಸದಿಂದ ತೆಗೆದ ಸಂದರ್ಭಗಳನ್ನು ಬಿಟ್ಟರೆ, ಇದನ್ನು ತಡೆಹಿಡಿಯುವಂತಿಲ್ಲ. ಹೋಟೆಲು ಮಾರಿದರೂ, ಕಂಡಕ್ಟಿಂಗ್ ಎಂದು ಬೇರೆಯವರಿಗೆ ವಹಿಸಿಕೊಟ್ಟರೂ ನೌಕರನ ಹಳೆಯ ಸೇವೆ ಗಾಳಿಗೆ ಹೋಗುವುದಿಲ್ಲ. ಸಂಸ್ಥೆ ಕೈಬದಲಾದಾಗ ಹಿಂದಿನ ಬಾಕಿಗಳಿಗೆ ಕೊಟ್ಟವನೂ ಕೊಂಡವನೂ ಜಂಟಿಯಾಗಿ ಹೊಣೆಗಾರರು. ಆದುದರಿಂದ ಹೋಟೆಲು ಕೊಳ್ಳುವ ಬಂಧುಗಳು ಬಾಡಿಗೆ, ಲೈಸೆನ್ಸು, ವಿದ್ಯುತ್ ಬಾಕಿಗಳನ್ನು ವಿಚಾರಿಸುವಂತೆಯೇ ನೌಕರರ ಬಾಕಿಯನ್ನೂ ವಿಚಾರಿಸಿ ಕರಾರಿನಲ್ಲಿ ಬರೆಯಿಸತಕ್ಕದ್ದು.

ಮಾಲಿಕರಿಗೆ ನಮ್ಮ ಸೂಚನೆಯೊಂದಿದೆ. ಗ್ರಾಚ್ಯುಟಿ ಒಮ್ಮೆಲೇ ಎದುರಾದಾಗ ಹೊರೆಯೆನಿಸುತ್ತದೆ. ತಿಂಗಳ ಲೆಕ್ಕದಲ್ಲಿ ಅದು ವೇತನದ ಶೇಕಡಾ 5ಕ್ಕಿಂತ ತುಸು ಕಡಿಮೆ. 15,000 ವೇತನಕ್ಕೆ ತಿಂಗಳಿಗೆ ಸುಮಾರು 721 ರೂಪಾಯಿ. ಇದನ್ನು ಪ್ರತ್ಯೇಕವಾಗಿ ತೆಗೆದಿಡಬಹುದು, ಇಲ್ಲವೇ ಜೀವವಿಮಾ ನಿಗಮದ ಸಾಮೂಹಿಕ ಗ್ರಾಚ್ಯುಟಿ ಯೋಜನೆಯಲ್ಲಿ ತುಂಬಬಹುದು. ಹೀಗೆ ಮಾಡಿದವರು ಹಳೆಯ ನೌಕರನನ್ನು ಸಂತೋಷದಿಂದ ಬೀಳ್ಕೊಡಬಲ್ಲರು. ಗ್ರಾಚ್ಯುಟಿ ತಪ್ಪಿಸಲೆಂದು ಐದನೆಯ ವರ್ಷ ತುಂಬುವ ಮೊದಲೇ ನುರಿತ ಭಟ್ಟರನ್ನು ಕಳುಹಿಸುವವರು ಕಳೆದುಕೊಳ್ಳುವುದು ಗಿರಾಕಿಗಳನ್ನೇ.

ಪ್ರಾವಿಡೆಂಟ್ ಫಂಡ್, ಇ.ಎಸ್.ಐ. ಮತ್ತು ಬೋನಸ್

20 ಅಥವಾ ಹೆಚ್ಚು ನೌಕರರಿರುವಲ್ಲಿ ಪ್ರಾವಿಡೆಂಟ್ ಫಂಡ್ ಅನ್ವಯಿಸುತ್ತದೆ. ನೌಕರನಿಂದ ವೇತನದ ಶೇಕಡಾ 12, ಮಾಲಿಕನಿಂದ ಅಷ್ಟೇ. ಮಾಲಿಕನ ಪಾಲಿನಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತದೆ. ಹತ್ತು ವರ್ಷಗಳ ಸದಸ್ಯತ್ವ ಪೂರೈಸಿದವನಿಗೆ 58ನೇ ವಯಸ್ಸಿನಿಂದ ಪಿಂಚಣಿಯ ಹಕ್ಕು ಬರುತ್ತದೆ. ಕೆಲಸ ಬದಲಿಸಿದಾಗಲೆಲ್ಲ ಹಣ ಹಿಂದೆಗೆದು ಖರ್ಚು ಮಾಡುವವರು ಈ ಹತ್ತು ವರ್ಷಗಳನ್ನು ತಮ್ಮ ಕೈಯಾರೆ ಕತ್ತರಿಸಿಕೊಳ್ಳುತ್ತಾರೆ. ಯು.ಎ.ಎನ್. ಎಂಬ ಒಂದೇ ಸಂಖ್ಯೆ ಜೀವಮಾನಕ್ಕೆಲ್ಲ ಸಾಕು. ಹೊಸ ಧಣಿಗೆ ಅದನ್ನೇ ಕೊಟ್ಟು ಹಳೆಯ ಹಣವನ್ನು ವರ್ಗಾಯಿಸಿಕೊಳ್ಳಬೇಕು. ಸಂಬಳದಲ್ಲಿ ಮುರಿದ ಹಣ ಖಾತೆಗೆ ಸೇರಿದೆಯೇ ಎಂಬುದನ್ನು ಮೊಬೈಲ್ ಫೋನಿನಲ್ಲೇ ನೋಡಬಹುದು. ನೌಕರನ ಪಾಲನ್ನು ಮುರಿದು ಕಟ್ಟದೆ ಉಳಿಸಿಕೊಂಡ ಮಾಲಿಕನನ್ನು ಕಾಯಿದೆ ಕಠಿಣವಾಗಿಯೇ ಕಾಣುತ್ತದೆ.

ಇ.ಎಸ್.ಐ. ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ, ಗೊತ್ತಾದ ಸಂಬಳದ ಮಿತಿಯೊಳಗಿನವರಿಗೆ. 2019ರ ಜುಲೈಯಿಂದ ನೌಕರನ ವಂತಿಗೆ ಶೇಕಡಾ 0.75, ಮಾಲಿಕನದು ಶೇಕಡಾ 3.25 ಎಂದು ಇಳಿಸಲಾಗಿದೆ. 15,000 ರೂಪಾಯಿಗೆ ನೌಕರನು ಕೊಡುವುದು 112 ರೂಪಾಯಿ 50 ಪೈಸೆ. ಅಷ್ಟಕ್ಕೆ ಅವನಿಗೂ ಮನೆಮಂದಿಗೂ ಚಿಕಿತ್ಸೆ, ಕಾಯಿಲೆ ಬಿದ್ದರೆ ನಿಯಮಕ್ಕನುಸಾರ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70 ದೊರೆಯುತ್ತದೆ. ಕುದಿಯುವ ಎಣ್ಣೆಯ ಮುಂದೆ, ಗ್ಯಾಸಿನ ಒಲೆಯ ಪಕ್ಕದಲ್ಲಿ ನಿಲ್ಲುವವರಿಗೆ ಇದರ ಬೆಲೆ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಇ.ಎಸ್.ಐ. ಇಲ್ಲದ ಕಡೆ ಕೆಲಸದಲ್ಲಿ ಆದ ಅಪಘಾತಕ್ಕೆ ಪರಿಹಾರ ಕೊಡುವ ಹೊಣೆ ನೇರವಾಗಿ ಮಾಲಿಕನದು. ಕೆಲಸಕ್ಕೆ ಬರುವಾಗ ಹೋಗುವಾಗ ದಾರಿಯಲ್ಲಿ ಆದ ಅಪಘಾತವೂ, ಕೆಲಸದೊಡನೆ ಅದರ ಸಂಬಂಧ ಸ್ಪಷ್ಟವಾದಲ್ಲಿ, ಹೊಸ ಸಂಹಿತೆಯೊಳಗೆ ಬರುತ್ತದೆ. ವಂತಿಗೆ ಉಳಿಸುವ ಆಸೆಯಿಂದ ಹತ್ತು ಆಳನ್ನು ಒಂಬತ್ತೆಂದು ಬರೆಯುವ ಮಾಲಿಕರು, ಒಂದೇ ಅಪಘಾತಕ್ಕೆ ಗಲ್ಲಾ ಖಾಲಿಯಾದೀತೆಂಬುದನ್ನು ಯೋಚಿಸಬೇಕು.

20 ಅಥವಾ ಹೆಚ್ಚು ಮಂದಿಯಿರುವಲ್ಲಿ, ವರ್ಷದಲ್ಲಿ ಕನಿಷ್ಠ 30 ದಿನ ದುಡಿದ, ಸಂಬಳದ ಮಿತಿಯೊಳಗಿನ ನೌಕರನಿಗೆ ಬೋನಸ್ ಸಲ್ಲುತ್ತದೆ. ಕನಿಷ್ಠ ಶೇಕಡಾ 8.33, ಗರಿಷ್ಠ ಶೇಕಡಾ 20. ದೀಪಾವಳಿಗೆ ಒಂದು ಪೊಟ್ಟಣ ಮಿಠಾಯಿ ಕೊಟ್ಟರೆ ಅದು ಪ್ರೀತಿಯ ಕಾಣಿಕೆಯಾಗುತ್ತದೆ. ಬೋನಸ್ಸಿನ ಋಣ ಅದರಿಂದ ತೀರದು.

ಕೆಲಸದಿಂದ ತೆಗೆಯುವುದು

“ನಾಳೆಯಿಂದ ಬರಬೇಡ” ಎಂಬ ಒಂದು ಮಾತಿನಿಂದ ಕೆಲಸ ಮುಗಿಸಲು ಕಾಯಿದೆ ಬಿಡುವುದಿಲ್ಲ. ವ್ಯಾಪಾರ ಕುಗ್ಗಿ ಆಳು ಹೆಚ್ಚಾಯಿತೆಂದು ತೆಗೆಯುವುದಾದರೆ, ಒಂದು ವರ್ಷ ಸೇವೆ ಪೂರೈಸಿದವನಿಗೆ ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನ ಪರಿಹಾರವಾಗಿ ಕೊಡಬೇಕು. ಇದು ಗ್ರಾಚ್ಯುಟಿಯಲ್ಲದೆ ಬೇರೆ. ತಪ್ಪು ಮಾಡಿದನೆಂದು ತೆಗೆಯುವುದಾದರೆ ಆರೋಪವನ್ನು ಬರೆದು ಕೊಟ್ಟು, ಉತ್ತರ ಕೇಳಿ, ವಿಚಾರಣೆ ನಡೆಸಬೇಕು. ವಿಚಾರಣೆಗಾಗಿ ಅಮಾನತಿನಲ್ಲಿ ಇಟ್ಟರೆ ಮೊದಲ 90 ದಿನ ಅರ್ಧ ವೇತನವನ್ನೂ, ವಿಳಂಬ ನೌಕರನಿಂದಾಗದಿದ್ದಲ್ಲಿ ಅನಂತರ ಮುಕ್ಕಾಲು ವೇತನವನ್ನೂ ಜೀವನಭತ್ಯೆಯಾಗಿ ಕೊಡತಕ್ಕದ್ದು. ಅನ್ಯಾಯವಾಗಿ ವಜಾ ಆದೆನೆನ್ನುವವನು ಎರಡು ವರ್ಷಗಳೊಳಗೆ ವಿವಾದ ಎತ್ತಬೇಕು. ಹಿಂದೆ ಈ ಅವಧಿ ಮೂರು ವರ್ಷವಿತ್ತು. ಈಗ ಕಡಿಮೆಯಾಗಿದೆಯೆಂಬುದನ್ನು ನೌಕರರು ನೆನಪಿಡಬೇಕು.

ನೌಕರರ ಬಾಧ್ಯತೆಗಳು

ಹಕ್ಕುಗಳ ಪಟ್ಟಿ ಓದಿದ ನೌಕರ ಬಂಧುಗಳು ಬಾಧ್ಯತೆಗಳ ಕಡೆಗೂ ಕಣ್ಣು ಹಾಯಿಸಬೇಕು. ನೇಮಕ ಪತ್ರದಲ್ಲಿ ನೋಟೀಸಿನ ಅವಧಿ ಬರೆದಿದ್ದರೆ ಅದನ್ನು ಪಾಲಿಸಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಏಪ್ರನ್ ಬಿಚ್ಚಿಟ್ಟು ಎದುರು ಹೋಟೆಲಿಗೆ ಹೋಗುವವನು ತನ್ನ ಜೊತೆಗಾರರ ಮೇಲೆ ತನ್ನ ಹೊರೆಯನ್ನೂ ಹೇರಿ ಹೋಗುತ್ತಾನೆ. ಮುಂಗಡ ಪಡೆದು ಕಾಣದಾಗುವವನಿಂದಾಗಿ ಮುಂದೆ ಬರುವ ಬಡ ಹುಡುಗನಿಗೆ ಮುಂಗಡ ಸಿಗದಂತಾಗುತ್ತದೆ. ಕಳವು, ವಂಚನೆ, ಹೊಡೆದಾಟಗಳಿಂದ ವಜಾ ಆದವನು ಬೋನಸ್ಸನ್ನು ಕಳೆದುಕೊಳ್ಳುತ್ತಾನೆ. ಲೈಂಗಿಕ ಕಿರುಕುಳಕ್ಕಾಗಿ ಶಿಕ್ಷೆಯಾದವನಿಗೂ ಅದೇ ಗತಿ. ಮುಷ್ಕರ ಹೂಡುವುದಕ್ಕೂ ನಿಯಮವುಂಟು. 14 ದಿನಗಳ ಮುನ್ಸೂಚನೆಯಿಲ್ಲದೆ ಮುಷ್ಕರ ಹೂಡಕೂಡದು. ಒಂದೇ ದಿನ ಅರ್ಧಕ್ಕರ್ಧ ಮಂದಿ ಒಟ್ಟಾಗಿ ಸಾಂದರ್ಭಿಕ ರಜೆ ಹಾಕುವುದನ್ನೂ ಮುಷ್ಕರವೆಂದೇ ಹೊಸ ಸಂಹಿತೆ ಎಣಿಸುತ್ತದೆ.

ಎಳೆಯರು ಮತ್ತು ಹೆಂಗಸರು

ನಮ್ಮ ಹೋಟೆಲುಗಳ ಚರಿತ್ರೆಯಲ್ಲಿ ಹತ್ತು-ಹನ್ನೆರಡು ವಯಸ್ಸಿಗೆ ಊರು ಬಿಟ್ಟು ಬಂದು ದೊಡ್ಡವರಾದವರ ಕಥೆಗಳು ತುಂಬಿವೆ. ಅವರ ಸಾಹಸಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅದು ಇಂದು ಅನುಕರಿಸತಕ್ಕ ಮೇಲ್ಪಂಕ್ತಿಯಲ್ಲ. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರಿನಿಂದ ನಿಷಿದ್ಧ. 2016ರ ತಿದ್ದುಪಡಿಯಿಂದ ಎಲ್ಲ ಉದ್ಯೋಗಗಳಲ್ಲೂ ನಿಷಿದ್ಧ. ತಪ್ಪಿದವರಿಗೆ ಆರು ತಿಂಗಳಿನಿಂದ ಎರಡು ವರ್ಷಗಳವರೆಗೆ ಸೆರೆ, 20,000ದಿಂದ 50,000 ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ ಉಂಟು. “ಅವರ ತಾಯಿಯೇ ಕಳುಹಿಸಿದ್ದು” ಎಂಬ ಸಮಾಧಾನ ನ್ಯಾಯಾಲಯದಲ್ಲಿ ನಿಲ್ಲದು. ಹುಡುಗನಿಗೆ ಸಹಾಯ ಮಾಡುವ ಮನಸ್ಸಿದ್ದರೆ ಅವನ ಶಾಲೆಯ ಖರ್ಚು ವಹಿಸಿಕೊಳ್ಳುವುದೇ ಸರಿಯಾದ ಮಾರ್ಗ.

ಅಡುಗೆಮನೆಯಲ್ಲೂ ಕಚೇರಿಗಳಲ್ಲೂ ದುಡಿಯುವ ಹೆಂಗಸರ ಸಂಖ್ಯೆ ಹೆಚ್ಚಿದೆ. ಒಂದೇ ಬಗೆಯ ಕೆಲಸಕ್ಕೆ ಗಂಡಸಿಗೊಂದು ಹೆಂಗಸಿಗೊಂದು ಸಂಬಳವೆಂಬುದು ಕಾಯಿದೆಗೆ ವಿರುದ್ಧ. ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಸಂಬಳ ಸಹಿತ ರಜೆ 2017ರಿಂದ ಇದೆ. 2013ರ ಕಾಯಿದೆಯ ಮೇರೆಗೆ ಹತ್ತು ಮಂದಿಯಿರುವ ಸಂಸ್ಥೆಯಲ್ಲಿ ಕಿರುಕುಳದ ದೂರು ವಿಚಾರಿಸಲು ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ದೂರನ್ನು ಮೂರು ತಿಂಗಳೊಳಗೆ ಬರೆದು ಕೊಡಬೇಕು.

ಈಗ ಮಾಡತಕ್ಕದ್ದು

ನೌಕರರು ಒಂದು ಲಕೋಟೆ ಮಾಡಿಟ್ಟುಕೊಳ್ಳಲಿ. ನೇಮಕ ಪತ್ರ, ಸಂಬಳ ಚೀಟಿಗಳು, ಬ್ಯಾಂಕ್ ಪುಸ್ತಕ, ಯು.ಎ.ಎನ್. ಮತ್ತು ಇ.ಎಸ್.ಐ. ಸಂಖ್ಯೆಗಳು, ಗುರುತಿನ ಚೀಟಿ ಅದರೊಳಗಿರಲಿ. ನೇಮಕ ಪತ್ರವಿಲ್ಲದವರು ಸೇರಿದ ದಿನಾಂಕವನ್ನೂ, ಅಂದು ಜೊತೆಗಿದ್ದವರ ಹೆಸರುಗಳನ್ನೂ ಇಂದೇ ಬರೆದಿಡಲಿ. ಗ್ರಾಚ್ಯುಟಿ ಹಾಗೂ ಪ್ರಾವಿಡೆಂಟ್ ಫಂಡಿಗೆ ನಾಮನಿರ್ದೇಶನ ಮಾಡಿದ್ದೀರಾ ಎಂದು ನೋಡಿಕೊಳ್ಳಲಿ; ಮದುವೆಯ ಬಳಿಕ ಅದನ್ನು ಹೊಸದಾಗಿ ಮಾಡಬೇಕು. ಲಕೋಟೆಯ ಒಂದು ಪ್ರತಿ ಊರಿನ ಮನೆಯಲ್ಲೂ ಇರಲಿ. ಮುಂಬಯಿಯಲ್ಲಿ ಮಗ ತೀರಿಕೊಂಡಾಗ, ಅವನು ಯಾವ ಹೋಟೆಲಿನಲ್ಲಿದ್ದನೆಂದು ಕೂಡ ಸರಿಯಾಗಿ ತಿಳಿಯದ ತಾಯಂದಿರು ಹಕ್ಕಿನ ಹಣವನ್ನು ಪಡೆಯುವುದು ಹೇಗೆ?

ತಕರಾರು ಬಂದಾಗ ಮೊದಲು ಧಣಿಯೊಡನೆ ಕುಳಿತು ಮಾತಾಡಿ, ಕೇಳತಕ್ಕದ್ದನ್ನು ಬರಹದಲ್ಲಿ ಕೇಳಿರಿ. ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಔದ್ಯೋಗಿಕ ಕಾರ್ಮಿಕರಿಗೂ, ಹೆಂಗಸರಿಗೂ, ಪರಿಶಿಷ್ಟ ಜಾತಿ-ಪಂಗಡದವರಿಗೂ ಉಚಿತ ವಕೀಲರ ನೆರವು ದೊರೆಯುತ್ತದೆ. 15100 ಎಂಬ ದೂರವಾಣಿ ಸಂಖ್ಯೆ ಅದಕ್ಕಾಗಿಯೇ ಇದೆ.

ಮಾಲಿಕ ಬಂಧುಗಳಿಗೆ ನಮ್ಮ ವಿನಂತಿ ಇಷ್ಟು. ಬಾಡಿಗೆ, ಗ್ಯಾಸು, ತೊಗರಿಬೇಳೆಗಳ ದರ ಏರಿದಾಗ ಎದುರಾಗುವ ಇಕ್ಕಟ್ಟು ನಮಗೆ ಹೊಸದಲ್ಲ. ಲೆಕ್ಕಪತ್ರದ ಶ್ರಮ ಸಣ್ಣ ಹೋಟೆಲಿಗೆ ಭಾರವೆಂಬುದೂ ನಿಜ. ಆದರೆ ಆ ಭಾರವನ್ನು ನಾಲ್ಕಾರು ಹೋಟೆಲಿನವರು ಸೇರಿ ಒಬ್ಬ ಲೆಕ್ಕಿಗನಿಗೆ ಒಪ್ಪಿಸಿ ಹಗುರ ಮಾಡಿಕೊಳ್ಳಬಹುದು. ಈ ತಿಂಗಳ ಸಂಬಳದ ದಿನ ನಿಮ್ಮಲ್ಲಿರುವ ಎಲ್ಲರಿಗೂ ನೇಮಕ ಪತ್ರ ಕೊಡುವುದರಿಂದ ಆರಂಭಿಸಿರಿ. ಎಷ್ಟೋ ವರ್ಷಗಳಿಂದ ನಿಮ್ಮೊಡನಿರುವ ಹಿರಿಯ ನೌಕರನಿಂದಲೇ ಅದು ಮೊದಲಾಗಲಿ; ಅವನು ಸೇರಿದ ನಿಜವಾದ ದಿನಾಂಕವನ್ನೇ ಅದರಲ್ಲಿ ಬರೆಯಿಸಿರಿ.